ಎಷ್ಟು ಎಂಬುದು ಬೇರೆ, ಏಕೆ ಎಂಬುದು ಬೇರೆ: ಬೌದ್ಧಿಕ ವಿಕಲತೆಯ ಬಗೆಗಳು ಮತ್ತು ಕಾರಣಗಳು

ಎಲ್ಲರಿಗೂ ನಮಸ್ಕಾರ. ತಂದೆತಾಯಂದಿರು, ಶಿಕ್ಷಕರು, ಆರೋಗ್ಯ ಕಾರ್ಯಕರ್ತರು ಒಟ್ಟಿಗೆ ಕೂತಿರುವ ಸಭೆ ಇದು. ಹಾಗಾಗಿ ಮೊದಲೇ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳೋಣ. ಈ ಮಗುವಿಗೆ ಎಷ್ಟು ನೆರವು ಬೇಕು ಎಂಬುದು ಒಂದು ಪ್ರಶ್ನೆ. ಹೀಗೇಕಾಯಿತು ಎಂಬುದು ಇನ್ನೊಂದು. ಸೌಮ್ಯ, ಮಧ್ಯಮ, ತೀವ್ರ, ಅತಿತೀವ್ರ ಎಂದು ವರದಿಯಲ್ಲಿ ಬರೆಯುವ ಮಾತು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ. ಆದರೆ ಆ ಒಂದು ಸಾಲು ಕೈಗೆ ಬಂದ ಕೂಡಲೇ ಎಷ್ಟೋ ಕಡೆ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಲೇಬೇಕು, ಏಕೆಂದರೆ ಕೆಲವು ಕಾರಣಗಳಿಗೆ ಚಿಕಿತ್ಸೆ ಇದೆ, ಮತ್ತು ಆ ಚಿಕಿತ್ಸೆಗೆ ಗಡುವೂ ಇದೆ. ಕೆಲವಕ್ಕೆ ಗಂಟೆಗಳ ಗಡುವು, ಕೆಲವಕ್ಕೆ ದಿನಗಳದು.

ಬೌದ್ಧಿಕ ವಿಕಲತೆ ಎನ್ನಲು ಮೂರು ಅಂಶಗಳು ಒಟ್ಟಿಗೆ ಇರಬೇಕು. ಕಲಿಯುವ, ತರ್ಕಿಸುವ, ಸಮಸ್ಯೆ ಬಿಡಿಸುವ ಶಕ್ತಿ ವಯಸ್ಸಿಗೆ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಇರಬೇಕು. ದಿನನಿತ್ಯದ ಬದುಕಿನ ಕೌಶಲಗಳಲ್ಲೂ ಅದೇ ಬಗೆಯ ಕೊರತೆ ಕಾಣಬೇಕು. ಇವೆರಡೂ ಬೆಳವಣಿಗೆಯ ವಯಸ್ಸಿನಲ್ಲೇ ಶುರುವಾಗಿರಬೇಕು. ಈ ವಯಸ್ಸಿನ ಮಿತಿಯನ್ನು ಬಹುಕಾಲ 18 ಎಂದು ಇಟ್ಟುಕೊಳ್ಳಲಾಗಿತ್ತು. ಅಮೆರಿಕದ ಪರಿಣತರ ಸಂಘ 2021ರಲ್ಲಿ ಅದನ್ನು 22ಕ್ಕೆ ಏರಿಸಿದೆ. ನಲವತ್ತನೇ ವಯಸ್ಸಿನಲ್ಲಿ ಮಿದುಳಿನ ಪಾರ್ಶ್ವವಾಯು ಆಗಿ ಬುದ್ಧಿಶಕ್ತಿ ಕುಂದಿದರೆ ಅದು ಬೇರೆಯೇ ಸಮಸ್ಯೆ.

ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ, ಅಂದರೆ ಐಕ್ಯೂ ಪರೀಕ್ಷೆಯಲ್ಲಿ, ಸರಾಸರಿ ಅಂಕ 100. ಸುಮಾರು 70ಕ್ಕಿಂತ ಕಡಿಮೆ ಬಂದರೆ ಮೊದಲ ಅಂಶ ಇದೆ ಎನ್ನುತ್ತೇವೆ. ಯಾವ ಪರೀಕ್ಷೆಯಲ್ಲೂ ಐದು ಅಂಕ ಅತ್ತಿತ್ತ ಆಗಬಹುದು, ಆದ್ದರಿಂದ 72 ಬಂದ ಮಗುವನ್ನು ‘ಏನೂ ಇಲ್ಲ’ ಎಂದು ಕಳಿಸುವುದೂ 68 ಬಂದ ಮಗುವಿಗೆ ಅಷ್ಟರಿಂದಲೇ ಹಣೆಪಟ್ಟಿ ಹಚ್ಚುವುದೂ ತಪ್ಪು. ನಿರ್ಧಾರ ದಿನನಿತ್ಯದ ಕೌಶಲಗಳನ್ನು ನೋಡಿ ಆಗಬೇಕು. ಓದು, ಲೆಕ್ಕ, ಗಡಿಯಾರ ಮತ್ತು ಹಣದ ತಿಳಿವಳಿಕೆ ಎಷ್ಟಿದೆ? ಗೆಳೆತನ ಮಾಡುವುದು, ಇತರರ ಇಂಗಿತ ಅರಿಯುವುದು, ಮೋಸಹೋಗದಿರುವುದು ಸಾಧ್ಯವೇ? ಸ್ನಾನ, ಊಟ, ಬಟ್ಟೆ, ಒಬ್ಬರೇ ಹೊರಗೆ ಹೋಗಿ ಬರುವುದು, ಸಮಯಕ್ಕೆ ಔಷಧಿ ತೆಗೆದುಕೊಳ್ಳುವುದು ಹೇಗೆ ನಡೆಯುತ್ತಿದೆ? ಇದನ್ನು ತಿಳಿಯಲು ಮಗುವನ್ನು ದಿನವೂ ನೋಡುವ ಮನೆಯವರನ್ನೂ ಶಿಕ್ಷಕರನ್ನೂ ಕೂರಿಸಿ ವಿವರವಾಗಿ ಕೇಳಬೇಕು. ಹತ್ತು ನಿಮಿಷದ ಭೇಟಿಯಲ್ಲಿ ಇದು ಆಗದು.

ತೀವ್ರತೆಯ ನಾಲ್ಕು ಹಂತಗಳು

ಹಳೆಯ ವಿಂಗಡಣೆ ಅಂಕಗಳ ಮೇಲೆ ನಿಂತಿತ್ತು: 50ರಿಂದ 69 ಸೌಮ್ಯ, 35ರಿಂದ 49 ಮಧ್ಯಮ, 20ರಿಂದ 34 ತೀವ್ರ, 20ಕ್ಕಿಂತ ಕೆಳಗೆ ಅತಿತೀವ್ರ. 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿ ಇದನ್ನು ಬದಲಿಸಿ, ಬದುಕಿನ ಕೌಶಲಗಳ ಆಧಾರದ ಮೇಲೆ ಹಂತ ನಿರ್ಧರಿಸಬೇಕು ಎಂದಿತು. ಅದಕ್ಕೆ ಒಳ್ಳೆಯ ಕಾರಣವಿದೆ: ಅಂಕ ಕೆಳಗಿಳಿದಷ್ಟೂ ಪರೀಕ್ಷೆಯ ನಿಖರತೆ ಕುಸಿಯುತ್ತದೆ, ಮತ್ತು ನೆರವು ಎಷ್ಟು ಬೇಕು ಎಂಬುದನ್ನು ಅಂಕ ಹೇಳುವುದಿಲ್ಲ.

ಬೌದ್ಧಿಕ ವಿಕಲತೆ ಇರುವವರಲ್ಲಿ ಸುಮಾರು 85 ಪ್ರತಿಶತ ಜನ ಸೌಮ್ಯ ಹಂತದವರು. ಇವರಲ್ಲಿ ಅನೇಕರು ಶಾಲೆಗೆ ಸೇರುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಓದು ಬರಹ ಪ್ರಾಥಮಿಕ ಶಾಲೆಯ ಮಟ್ಟದವರೆಗೆ ಬರುತ್ತದೆ. ದೊಡ್ಡವರಾದ ಮೇಲೆ ಕೆಲಸ ಮಾಡುತ್ತಾರೆ, ಸಂಸಾರ ನಡೆಸುತ್ತಾರೆ. ಸಾಲ, ಕಾನೂನು ಪತ್ರ, ಚಿಕಿತ್ಸೆಯ ನಿರ್ಧಾರದಂಥ ವಿಷಯಗಳಲ್ಲಿ ಜೊತೆಗೊಬ್ಬರು ಬೇಕಾಗುತ್ತದೆ. ಮಧ್ಯಮ ಹಂತದವರು ಮಾತಾಡುತ್ತಾರೆ, ತಮ್ಮ ಮೈಕೈ ನೋಡಿಕೊಳ್ಳಲು ಕಲಿಯುತ್ತಾರೆ. ಆದರೆ ಕಲಿಸುವ ಅವಧಿ ಉದ್ದ, ಹಣ ಮತ್ತು ಸಮಯದ ವಿಷಯದಲ್ಲಿ ನೆರವು ನಿರಂತರ. ತೀವ್ರ ಹಂತದಲ್ಲಿ ಮಾತು ಕೆಲವೇ ಪದಗಳಿಗೆ ಸೀಮಿತವಾಗಬಹುದು, ದಿನದ ಎಲ್ಲ ಕೆಲಸಗಳಿಗೂ ಕೈ ಹಿಡಿಯುವವರು ಬೇಕು. ಅತಿತೀವ್ರ ಹಂತದಲ್ಲಿ ಸಂವಹನ ಬಹುತೇಕ ಮುಖಭಾವ, ದನಿ, ಕೈಸನ್ನೆಗಳ ಮೂಲಕ. ಸೆಳವು, ದೃಷ್ಟಿ ಅಥವಾ ಶ್ರವಣ ದೋಷ, ನುಂಗುವ ತೊಂದರೆ ಇಲ್ಲಿ ಹೆಚ್ಚಾಗಿ ಜೊತೆಗಿರುತ್ತವೆ.

25 ವರ್ಷದ ವ್ಯಕ್ತಿಯನ್ನು ‘ಐದು ವರ್ಷದ ಮಗುವಿನ ಬುದ್ಧಿ’ ಎಂದು ವರ್ಣಿಸುವ ರೂಢಿಯನ್ನು ದಯವಿಟ್ಟು ಬಿಡೋಣ. ಆ ವ್ಯಕ್ತಿಗೆ 25 ವರ್ಷಗಳ ಅನುಭವವಿದೆ, ವಯಸ್ಕ ದೇಹವಿದೆ, ವಯಸ್ಕ ಬಯಕೆಗಳೂ ನಾಚಿಕೆಯೂ ಇವೆ. ಮಗು ಎಂದು ಭಾವಿಸಿದ ಕಡೆ ಲೈಂಗಿಕ ಶಿಕ್ಷಣ ಕೊಡುವುದಿಲ್ಲ, ಖಾಸಗಿತನ ಕೊಡುವುದಿಲ್ಲ. ಶೋಷಣೆ ನಡೆಯುವುದು ಅಂಥ ಕಡೆಯೇ ಹೆಚ್ಚು.

ಹಂತ ನಿರ್ಧರಿಸುವಾಗ ಆಗುವ ತಪ್ಪುಗಳನ್ನೂ ಹೇಳಿಬಿಡುತ್ತೇವೆ. ಎಲ್ಲಕ್ಕಿಂತ ದೊಡ್ಡ ತಪ್ಪು, ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸದೆ ಬುದ್ಧಿಶಕ್ತಿ ಅಳೆಯುವುದು. ಬಾಗಿಲು ಬಡಿದಾಗ ಮಗು ತಿರುಗಿ ನೋಡಿತು ಎಂದರೆ ಮಾತಿನ ದನಿಗಳು ಕೇಳಿಸುತ್ತಿವೆ ಎಂದಲ್ಲ; ಶ್ರವಣ ಪರೀಕ್ಷೆ ಯಂತ್ರದಿಂದಲೇ ಆಗಬೇಕು. ಎರಡನೆಯದು, ಮನೆಯಲ್ಲಿ ಆಡದ ಭಾಷೆಯಲ್ಲಿ ಪ್ರಶ್ನೆ ಕೇಳುವುದು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ ಇರುವ ಕೆಲವು ಮಕ್ಕಳಿಗೆ ಮಾತೂ ಬಾರದು, ಬೆರಳು ತೋರಿಸಲೂ ಆಗದು. ಆದರೆ ಒಳಗಿನ ಬುದ್ಧಿ ಪೂರ್ತಿ ಸರಿಯಿರಬಹುದು. ಕಣ್ಣಿನ ನೋಟದಿಂದ ಉತ್ತರಿಸುವ ಅವಕಾಶ ಕೊಟ್ಟ ಮೇಲೆ ಅಂಥ ಮಕ್ಕಳ ಬಗ್ಗೆ ಬರೆದಿದ್ದ ವರದಿಯೇ ತಲೆಕೆಳಗಾಗುತ್ತದೆ. ಓದುವುದೊಂದರಲ್ಲೇ ಹಿಂದುಳಿದ ಮಗುವಿಗೆ ಡಿಸ್ಲೆಕ್ಸಿಯಾ ಇರಬಹುದು. ಆಟಿಸಂ ಬೌದ್ಧಿಕ ವಿಕಲತೆಯ ಜೊತೆಗೂ ಇರಬಹುದು, ಅದಿಲ್ಲದೆಯೂ ಇರಬಹುದು. ಇನ್ನು ಐದು ವರ್ಷದೊಳಗಿನ ಮಕ್ಕಳಲ್ಲಿ ಐಕ್ಯೂ ಸ್ಥಿರವಾಗಿರುವುದಿಲ್ಲ. ಅಲ್ಲಿ ‘ಸಮಗ್ರ ಬೆಳವಣಿಗೆಯ ವಿಳಂಬ’ ಎಂದಷ್ಟೇ ಬರೆದು, ತರಬೇತಿ ಆರಂಭಿಸಿ, ಮುಂದೆ ಮತ್ತೆ ಅಳೆಯಬೇಕು.

ವರ್ಣತಂತು ಮತ್ತು ವಂಶವಾಹಿಗಳಲ್ಲಿ ಇರುವ ಕಾರಣಗಳು

ತೀವ್ರ ಹಂತದ ವಿಕಲತೆಗೆ ಅತಿ ದೊಡ್ಡ ಗುಂಪಿನ ಕಾರಣಗಳು ಇಲ್ಲಿವೆ. ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಡೌನ್ ಸಿಂಡ್ರೋಮ್. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ಇದನ್ನು ವಿವರಿಸಿದರು. 21ನೇ ವರ್ಣತಂತು ಎರಡರ ಬದಲು ಮೂರು ಇರುವುದೇ ಇದರ ಮೂಲ ಎಂದು 1959ರಲ್ಲಿ ತಿಳಿಯಿತು. ಸುಮಾರು 95 ಪ್ರತಿಶತ ಪ್ರಕರಣಗಳಲ್ಲಿ ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದಿರುವುದು ಕಾರಣ. ತಾಯಿಯ ವಯಸ್ಸು ಏರಿದಂತೆ ಇದರ ಸಾಧ್ಯತೆ ಏರುತ್ತದೆ: 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಯಾರೂ ಏನೂ ತಪ್ಪು ಮಾಡಿ ಇದು ಬರುವುದಿಲ್ಲ. 3–4 ಪ್ರತಿಶತ ಮಕ್ಕಳಲ್ಲಿ ಮಾತ್ರ ಹೆಚ್ಚುವರಿ 21ನೇ ವರ್ಣತಂತು ಇನ್ನೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಈ ಬಗೆ ತಂದೆ ಅಥವಾ ತಾಯಿಯಿಂದ ಬಂದಿರಬಹುದು, ಮುಂದಿನ ಗರ್ಭದಲ್ಲೂ ಮರುಕಳಿಸಬಹುದು. ಆದ್ದರಿಂದ ಮುಖ ನೋಡಿ ‘ಡೌನ್’ ಎಂದು ಹೇಳಿ ಮುಗಿಸಬಾರದು. ವರ್ಣತಂತುಗಳ ಸಂಖ್ಯೆ ಮತ್ತು ಆಕಾರ ನೋಡುವ ಕ್ಯಾರಿಯೊಟೈಪ್ ಪರೀಕ್ಷೆ ಮಾಡಿಸಿ ಅದರ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ, ಸ್ಟೆತಸ್ಕೋಪಿಗೆ ಏನೂ ಕೇಳಿಸದಿದ್ದರೂ ಇರಬಹುದು. ಹಾಗಾಗಿ ಹುಟ್ಟಿದ ಮೊದಲ ವಾರಗಳಲ್ಲೇ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಬೇಕು. ಥೈರಾಯ್ಡ್ ಪರೀಕ್ಷೆ ಹುಟ್ಟಿದಾಗ, 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ವಂಶದಲ್ಲಿ ಹರಿದು ಬರುವ ಕಾರಣಗಳಲ್ಲಿ ಅತಿ ಸಾಮಾನ್ಯವಾದದ್ದು ಫ್ರಜೈಲ್ ಎಕ್ಸ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಏಕೆಂದರೆ ಇದು ತಪ್ಪಿಹೋಗುವಷ್ಟು ಬೇರೆ ಯಾವುದೂ ತಪ್ಪಿಹೋಗುವುದಿಲ್ಲ. ಎಕ್ಸ್ ವರ್ಣತಂತುವಿನ ಎಫ್‌ಎಂಆರ್1 ಎಂಬ ವಂಶವಾಹಿಯಲ್ಲಿ ಸಿಜಿಜಿ ಎಂಬ ಮೂರಕ್ಷರದ ತುಣುಕು ಎಲ್ಲರಲ್ಲೂ ಹಲವು ಸಲ ಮರುಕಳಿಸುತ್ತದೆ. 44ರವರೆಗೆ ತೊಂದರೆ ಇಲ್ಲ. 55ರಿಂದ 200 ಇದ್ದರೆ ವಾಹಕ ಸ್ಥಿತಿ, ಅಂದರೆ ಮುಂದಿನ ಪೀಳಿಗೆಗೆ ದಾಟಿಸಬಹುದಾದ ಸ್ಥಿತಿ. 200 ದಾಟಿದರೆ ವಂಶವಾಹಿ ಕೆಲಸವನ್ನೇ ನಿಲ್ಲಿಸುತ್ತದೆ. ವಾಹಕ ತಾಯಿಯಿಂದ ಮಗುವಿಗೆ ದಾಟುವಾಗ ಈ ಸಂಖ್ಯೆ ಹಿಗ್ಗುತ್ತದೆ. ಗಂಡುಮಕ್ಕಳಲ್ಲಿ ಒಂದೇ ಎಕ್ಸ್ ಇರುವುದರಿಂದ ಪರಿಣಾಮ ಹೆಚ್ಚು. ಉದ್ದ ಮುಖ, ದೊಡ್ಡ ಕಿವಿ, ಕಣ್ಣಿಗೆ ಕಣ್ಣು ಕೊಡದಿರುವುದು, ಕೈ ಬಡಿಯುವುದು, ಚಡಪಡಿಕೆ ಕಾಣಬಹುದು. ಆದರೆ ಎಳೆಯ ವಯಸ್ಸಿನಲ್ಲಿ ಮುಖಲಕ್ಷಣ ಎದ್ದು ಕಾಣುವುದೇ ಇಲ್ಲ. ಸಾಮಾನ್ಯ ಕ್ಯಾರಿಯೊಟೈಪ್, ವರ್ಣತಂತುಗಳ ಸಣ್ಣ ತುಣುಕುಗಳ ಕೊರತೆ ಅಥವಾ ಹೆಚ್ಚಳ ಹುಡುಕುವ ಮೈಕ್ರೋಅರೇ, ವಂಶವಾಹಿಗಳಲ್ಲಿ ಪ್ರೋಟೀನ್ ತಯಾರಿಸುವ ಭಾಗಗಳನ್ನು ಓದುವ ಎಕ್ಸೋಮ್ ಈ ಮೂರೂ ಇದನ್ನು ಹಿಡಿಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ‘ಎಲ್ಲ ಜೆನೆಟಿಕ್ ಪರೀಕ್ಷೆ ಆಗಿದೆ, ಎಲ್ಲ ನಾರ್ಮಲ್’ ಎಂದು ಫೈಲು ತರುವ ಕುಟುಂಬಗಳಲ್ಲಿ ಫ್ರಜೈಲ್ ಎಕ್ಸ್ ಪರೀಕ್ಷೆ ಮಾತ್ರ ಆಗಿರುವುದಿಲ್ಲ, ಏಕೆಂದರೆ ಅದನ್ನು ಪ್ರತ್ಯೇಕವಾಗಿ ಹೆಸರು ಬರೆದು ಕೇಳಬೇಕು. ಮನೆಯ ಚರಿತ್ರೆಯಲ್ಲಿ ಸುಳಿವುಗಳಿರುತ್ತವೆ: ತಾಯಿಯ ಅಣ್ಣತಮ್ಮಂದಿರಲ್ಲಿ ಅಥವಾ ಅಕ್ಕತಂಗಿಯರ ಗಂಡುಮಕ್ಕಳಲ್ಲಿ ಇಂಥದೇ ತೊಂದರೆ, ತಾಯಿಗೋ ಚಿಕ್ಕಮ್ಮನಿಗೋ 40ಕ್ಕೆ ಮೊದಲೇ ಮುಟ್ಟು ನಿಂತದ್ದು, ತಾಯಿಯ ತಂದೆಗೆ ಇಳಿವಯಸ್ಸಿನಲ್ಲಿ ಕೈನಡುಕ ಮತ್ತು ನಡಿಗೆಯಲ್ಲಿ ತೂರಾಟ. ಈ ಮೂರನ್ನೂ ಕೇಳದೆ ಚರಿತ್ರೆ ಬರೆದು ಮುಗಿಸಬಾರದು.

15ನೇ ವರ್ಣತಂತುವಿನ ಒಂದೇ ಜಾಗದಲ್ಲಿ ತಂದೆಯಿಂದ ಬಂದ ಭಾಗ ಕೆಲಸ ಮಾಡದಿದ್ದರೆ ಪ್ರಾಡರ್–ವಿಲ್ಲಿ, ತಾಯಿಯಿಂದ ಬಂದ ಭಾಗ ಕೆಲಸ ಮಾಡದಿದ್ದರೆ ಏಂಜಲ್‌ಮನ್. ಪ್ರಾಡರ್–ವಿಲ್ಲಿಯಲ್ಲಿ ಹುಟ್ಟಿದಾಗ ಮೈ ಮೆತ್ತಗೆ, ಹಾಲು ಚೀಪಲೂ ಶಕ್ತಿ ಇಲ್ಲ. ಅದೇ ಮಗುವಿಗೆ ಕೆಲವು ವರ್ಷಗಳಲ್ಲಿ ಎಷ್ಟು ತಿಂದರೂ ತಣಿಯದ ಹಸಿವು. ಆ ಹಸಿವು ಮಿದುಳಿನಲ್ಲಿ ಹುಟ್ಟುವಂಥದ್ದು, ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ಅಡುಗೆಮನೆಗೆ ಬೀಗ ಹಾಕುವುದು ಇಲ್ಲಿ ಚಿಕಿತ್ಸೆಯ ಭಾಗ. ರೆಟ್ ಸಿಂಡ್ರೋಮ್ ಬಹುತೇಕ ಹೆಣ್ಣುಮಕ್ಕಳದು: 6ರಿಂದ 18 ತಿಂಗಳವರೆಗೆ ಸರಿಯಾಗಿಯೇ ಬೆಳೆದ ಮಗು ಕೈಯ ಬಳಕೆಯನ್ನೂ ಮಾತನ್ನೂ ಕಳೆದುಕೊಂಡು, ಕೈಗಳನ್ನು ಹೊಸೆಯುತ್ತಿರುತ್ತದೆ.

ತಂದೆತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಒಂದೇ ದೋಷಪೂರಿತ ವಂಶವಾಹಿ ಅಡಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕಕ್ಕೆ ಒಂದರ ಸಾಧ್ಯತೆ. ಇದನ್ನು ‘ಒಂದು ಮಗುವಿಗೆ ಆಯಿತಲ್ಲ, ಮುಂದಿನ ಮೂರಕ್ಕೆ ಆಗದು’ ಎಂದು ಅರ್ಥ ಮಾಡಿಕೊಳ್ಳುವವರಿದ್ದಾರೆ. ನಾಣ್ಯ ಚಿಮ್ಮಿದಂತೆ ಪ್ರತಿ ಸಲವೂ ಲೆಕ್ಕ ಮೊದಲಿನಿಂದ ಶುರು. ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಈ ಬಗೆಯ ಕಾಯಿಲೆಗಳು ಹೆಚ್ಚು. ಒಡಹುಟ್ಟಿದವರ ಮಕ್ಕಳು ತಮ್ಮ ವಂಶವಾಹಿಗಳಲ್ಲಿ ಎಂಟನೇ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಇನ್ನು ಎಷ್ಟೋ ತೀವ್ರ ಪ್ರಕರಣಗಳಲ್ಲಿ ಬದಲಾವಣೆ ತಂದೆತಾಯಿ ಯಾರಲ್ಲೂ ಇರುವುದಿಲ್ಲ, ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಅಂಥಲ್ಲಿ ಮುಂದಿನ ಮಗುವಿಗೆ ಬರುವ ಸಾಧ್ಯತೆ ಬಹಳ ಕಡಿಮೆ, ಆ ಮಾತು ಕೇಳಿಯೇ ಕುಟುಂಬಗಳು ಉಸಿರು ಬಿಡುತ್ತವೆ.

ಕಾರಣ ತಿಳಿಯದ ಮಗುವಿನಲ್ಲಿ ಮೈಕ್ರೋಅರೇ ಪರೀಕ್ಷೆ 15–20 ಪ್ರತಿಶತ ಸಂದರ್ಭಗಳಲ್ಲಿ ಉತ್ತರ ಕೊಡುತ್ತದೆ, ಎಕ್ಸೋಮ್ ಪರೀಕ್ಷೆ ಸುಮಾರು ಮೂರನೇ ಒಂದು ಭಾಗದಲ್ಲಿ. ಎಕ್ಸೋಮ್ ಮಾಡಿಸುವಾಗ ತಂದೆತಾಯಿಯ ರಕ್ತವನ್ನೂ ಜೊತೆಗೆ ಕಳಿಸಿದರೆ ಫಲಿತಾಂಶ ಓದುವುದು ಸುಲಭ. ಇಂದು ಉತ್ತರ ಸಿಗದಿದ್ದರೆ ಎರಡು ಮೂರು ವರ್ಷಗಳ ನಂತರ ಅದೇ ದತ್ತಾಂಶವನ್ನು ಮತ್ತೆ ಓದಿಸಬಹುದು, ಹೊಸ ರಕ್ತ ಕೊಡಬೇಕಿಲ್ಲ.

ಗಡುವು ಇರುವ ಕಾರಣಗಳು

ಹುಟ್ಟಿನಿಂದಲೇ ಇರುವ ಥೈರಾಯ್ಡ್ ಕೊರತೆ ಸುಮಾರು 2,000ದಿಂದ 4,000 ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಹುಟ್ಟಿದಾಗ ಬಹುತೇಕ ಶಿಶುಗಳು ಪೂರ್ತಿ ಆರೋಗ್ಯವಾಗಿಯೇ ಕಾಣುತ್ತವೆ. ಬಿಡದ ಕಾಮಾಲೆ, ಮಲಬದ್ಧತೆ, ಒರಟು ಅಳು, ದಪ್ಪ ನಾಲಿಗೆ, ಉಬ್ಬಿದ ಹೊಕ್ಕುಳು ಇವೆಲ್ಲ ಕಾಣುವ ಹೊತ್ತಿಗೆ ಅಮೂಲ್ಯ ವಾರಗಳು ಕಳೆದಿರುತ್ತವೆ. ಆದ್ದರಿಂದ ಲಕ್ಷಣಕ್ಕೆ ಕಾಯದೆ 48ರಿಂದ 72 ಗಂಟೆಯ ನಡುವೆ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು, ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು, ಅಂದರೆ ಟಿಎಸ್‌ಎಚ್ ನೋಡಬೇಕು. ಮೊದಲ ದಿನವೇ ತೆಗೆದರೆ ಟಿಎಸ್‌ಎಚ್ ಸಹಜವಾಗಿಯೇ ಏರಿರುವುದರಿಂದ ಸುಳ್ಳು ಗಾಬರಿ ಆಗಬಹುದು. ಕೊರತೆ ಖಚಿತವಾದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10–15 ಮೈಕ್ರೋಗ್ರಾಂ, ಎರಡು ವಾರ ತುಂಬುವುದರೊಳಗೆ ಶುರುವಾಗಬೇಕು. ಮಾತ್ರೆಯನ್ನು ಪುಡಿ ಮಾಡಿ ಒಂದೆರಡು ಚಮಚ ನೀರು ಅಥವಾ ಎದೆಹಾಲಿನಲ್ಲಿ ಕಲಸಿ ಆಗಲೇ ಕುಡಿಸಿ. ಬಾಟಲಿಯ ಹಾಲಿಗೆ ಹಾಕಿದರೆ ತಳದಲ್ಲೇ ಉಳಿಯುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಸೋಯಾ ಹಾಲು ಇದರ ಜೊತೆ ಬೇಡ, ಹೀರಿಕೆ ಕಡಿಮೆಯಾಗುತ್ತದೆ. ಮಗು ಚೆನ್ನಾಗಿದೆ ಎಂದು ಮಾತ್ರೆ ನಿಲ್ಲಿಸುವುದೇ ಇಲ್ಲಿ ನಡೆಯುವ ಅತಿ ದುಃಖದ ತಪ್ಪು. ಮಗು ಚೆನ್ನಾಗಿರುವುದು ಮಾತ್ರೆಯಿಂದ. ಮಿದುಳು ವೇಗವಾಗಿ ಬೆಳೆಯುವ ಮೊದಲ ಮೂರು ವರ್ಷ ಒಂದು ವಾರವೂ ತಪ್ಪಬಾರದು.

ಫಿನೈಲ್‌ಕೀಟೋನುರಿಯಾ ಕೂಡ ಅದೇ ಹಿಮ್ಮಡಿಯ ರಕ್ತದಲ್ಲಿ ಸಿಗುತ್ತದೆ. ಪ್ರೋಟೀನಿನಲ್ಲಿರುವ ಫಿನೈಲ್ಅಲನಿನ್ ಅಂಶವನ್ನು ಒಡೆಯುವ ಕಿಣ್ವ ಇಲ್ಲದೆ ಅದು ರಕ್ತದಲ್ಲಿ ಶೇಖರವಾಗಿ ಮಿದುಳನ್ನು ಕೆಡಿಸುತ್ತದೆ. ನಾರ್ವೆಯ ವೈದ್ಯ ಫೋಲಿಂಗ್ 1934ರಲ್ಲಿ ಇದನ್ನು ಗುರುತಿಸಿದರು. ವಿಶೇಷ ಹಾಲಿನ ಪುಡಿ ಮತ್ತು ಅಳತೆಯ ಆಹಾರದಿಂದ ಮಗು ಎಲ್ಲರಂತೆ ಬೆಳೆಯುತ್ತದೆ. ಆಹಾರಕ್ರಮ ಜೀವನಪೂರ್ತಿ ಬೇಕು. ಈ ಕಾಯಿಲೆಯ ಹೆಣ್ಣುಮಗಳು ಮುಂದೆ ಗರ್ಭಿಣಿಯಾಗುವ ಮೊದಲೇ ಕಟ್ಟುನಿಟ್ಟು ಮಾಡದಿದ್ದರೆ, ಮಗುವಿಗೆ ಕಾಯಿಲೆ ಇಲ್ಲದಿದ್ದರೂ ಅದರ ಮಿದುಳು ಮತ್ತು ಹೃದಯಕ್ಕೆ ಹಾನಿಯಾಗುತ್ತದೆ.

ಶಿಶುಗಳ ಸೆಳವಿನ ಒಂದು ಬಗೆ ಹೊಟ್ಟೆನೋವೆಂದು ಭಾವಿಸಿ ತಪ್ಪಿಹೋಗುತ್ತದೆ. ಸಾಮಾನ್ಯವಾಗಿ 3ರಿಂದ 12 ತಿಂಗಳ ನಡುವೆ, ನಿದ್ದೆಯಿಂದ ಎದ್ದ ಕೂಡಲೇ, ಮಗು ತಟ್ಟನೆ ತಲೆ ಬಾಗಿಸಿ ಕೈಗಳನ್ನು ಮುಂದೆ ಚಾಚುತ್ತದೆ. ಒಂದೆರಡು ಸೆಕೆಂಡು ಅಷ್ಟೆ, ಆದರೆ ಸಾಲುಸಾಲಾಗಿ ಮತ್ತೆ ಮತ್ತೆ. ಜೊತೆಗೆ ನಗು, ನೋಟ ಕಡಿಮೆಯಾಗುತ್ತದೆ. ಮೊಬೈಲಿನಲ್ಲಿ ವಿಡಿಯೋ ತೆಗೆದು ಒಂದೆರಡು ದಿನದಲ್ಲೇ ವೈದ್ಯರಿಗೆ ತೋರಿಸಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ ಮಾಡಿಸಿ. ಚಿಕಿತ್ಸೆ ವಾರಗಟ್ಟಲೆ ತಡವಾದಷ್ಟೂ ಬೆಳವಣಿಗೆಗೆ ನಷ್ಟ. ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳಿದ್ದರೆ ಮಿದುಳು ಮತ್ತಿತರ ಅಂಗಗಳಲ್ಲಿ ಗಂಟುಗಳು ಬೆಳೆಯುವ ಟ್ಯೂಬರಸ್ ಸ್ಕ್ಲಿರೋಸಿಸ್ ಇರಬಹುದು, ಅದನ್ನೂ ತೋರಿಸಿ.

ಬಿ12 ಕೊರತೆ ಇರುವ ತಾಯಿಯ ಎದೆಹಾಲನ್ನಷ್ಟೇ ಕುಡಿಯುವ ಶಿಶು ಆರು ತಿಂಗಳ ಆಸುಪಾಸಿನಲ್ಲಿ ನಗುವುದು, ಕೂರುವುದು ಬಿಡಬಹುದು. ಬಿಳಿಚಿಕೊಂಡ ಮೈ, ಬೆರಳ ಗೆಣ್ಣುಗಳ ಮೇಲೆ ಕಪ್ಪು, ಕೆಲವೊಮ್ಮೆ ನಡುಕ ಇದರ ಗುರುತು. ಇಂಜೆಕ್ಷನ್ ಕೊಟ್ಟ ಕೆಲವೇ ದಿನಗಳಲ್ಲಿ ಮಗು ಮತ್ತೆ ಮುಖ ನೋಡಲು ತೊಡಗುತ್ತದೆ. ತಾಯಿಗೂ ಚಿಕಿತ್ಸೆ ಬೇಕು.

ಹೆರಿಗೆಯ ಹೊತ್ತಿನ ವಿಷಯಕ್ಕೆ ಬರೋಣ. ‘ಹುಟ್ಟಿದ ಕೂಡಲೇ ಅಳಲಿಲ್ಲ’ ಎಂಬುದನ್ನು ಪ್ರತಿ ಮಗುವಿನ ಫೈಲಿನಲ್ಲೂ ಕಾರಣವೆಂದು ಬರೆಯುವುದನ್ನು ನಾವು ಒಪ್ಪುವುದಿಲ್ಲ. ಆಮ್ಲಜನಕದ ಕೊರತೆಯಿಂದ ಮಿದುಳಿಗೆ ನಿಜವಾಗಿ ಹಾನಿಯಾಗಿದ್ದರೆ ಮೊದಲ ಎರಡು ಮೂರು ದಿನಗಳಲ್ಲೇ ಶಿಶು ಮಂಪರಾಗಿರುತ್ತದೆ, ಹಾಲು ಚೀಪುವುದಿಲ್ಲ, ಸೆಳವು ಬರಬಹುದು. ತಡವಾಗಿ ಅತ್ತರೂ ಮೊದಲ ದಿನದಿಂದ ಚೆನ್ನಾಗಿ ಹಾಲು ಕುಡಿದು ಮನೆಗೆ ಹೋದ ಮಗುವಿಗೆ ಬೇರೆ ಕಾರಣ ಹುಡುಕಬೇಕು. ಹಾನಿಯ ಲಕ್ಷಣಗಳಿರುವ, ದಿನ ತುಂಬಿದ ಶಿಶುವಿಗೆ ದೇಹದ ಉಷ್ಣತೆಯನ್ನು 33–34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಇಡುವ ಚಿಕಿತ್ಸೆ ಇದೆ. ಹುಟ್ಟಿದ 6 ಗಂಟೆಯೊಳಗೆ, ಸಜ್ಜಾದ ಘಟಕದಲ್ಲಿ ಮಾತ್ರ ಅದು ಶುರುವಾಗಬೇಕು. ಮೊದಲ 24 ಗಂಟೆಯಲ್ಲೇ ಕಾಮಾಲೆ ಕಂಡರೆ ಅದು ಯಾವತ್ತೂ ಸಹಜವಲ್ಲ. ಅಂಗೈ ಅಂಗಾಲು ಹಳದಿಯಾದರೆ ಅಂದೇ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಅಂಶ ನೋಡಿಸಿ, ಬಿಸಿಲಿಗೆ ಹಿಡಿಯುವುದು ಚಿಕಿತ್ಸೆಯಲ್ಲ. ಕಡಿಮೆ ತೂಕದ ಶಿಶು ಮತ್ತು ಮಧುಮೇಹಿ ತಾಯಿಯ ಶಿಶುವಿಗೆ ರಕ್ತದ ಸಕ್ಕರೆ ಕುಸಿಯದಂತೆ ಮೊದಲ ಗಂಟೆಯಲ್ಲೇ, ಆಮೇಲೆ ಎರಡು ಮೂರು ಗಂಟೆಗೊಮ್ಮೆ ಹಾಲು ಸಿಗಬೇಕು.

ಗರ್ಭದಲ್ಲಿ, ಮತ್ತು ಹುಟ್ಟಿದ ಮೇಲೆ

ತಡೆಯಬಹುದಾದ ಕಾರಣಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಅಯೋಡಿನ್ ಕೊರತೆ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಗರ್ಭಿಣಿಗೆ 250 ಬೇಕು. ಅಯೋಡಿನ್ ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿಡಿ, ಅಡುಗೆಯ ಕೊನೆಯಲ್ಲಿ ಹಾಕಿ. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ಧರಿಸುವ ಒಂದು ತಿಂಗಳು ಮೊದಲಿನಿಂದ. ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗುವ ನರನಾಳ ಮುಚ್ಚುವುದು 28 ದಿನದೊಳಗೆ; ಗರ್ಭ ನಿಂತದ್ದು ಗೊತ್ತಾಗಿ ಮಾತ್ರೆ ಶುರು ಮಾಡುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಗರ್ಭದಲ್ಲಿ ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ. ಮೂರ್ಛೆರೋಗದ ವಾಲ್‌ಪ್ರೊಯೇಟ್ ಔಷಧಿಯನ್ನು ಗರ್ಭಿಣಿಯರು ಸೇವಿಸಿದಾಗ 30–40 ಪ್ರತಿಶತ ಮಕ್ಕಳಲ್ಲಿ ಬೆಳವಣಿಗೆಯ ತೊಂದರೆ ಕಂಡಿದೆ. ಹಾಗೆಂದು ತಾನಾಗಿ ನಿಲ್ಲಿಸಿದರೆ ಸೆಳವಿನಿಂದ ತಾಯಿಯ ಜೀವಕ್ಕೇ ಅಪಾಯ. ಗರ್ಭಧಾರಣೆಗೆ ತಿಂಗಳುಗಳ ಮೊದಲೇ ವೈದ್ಯರೊಡನೆ ಕೂತು ಔಷಧಿ ಬದಲಿಸಿಕೊಳ್ಳಬೇಕು.

ಸೋಂಕುಗಳಲ್ಲಿ ರುಬೆಲ್ಲಾಗೆ ಲಸಿಕೆ ಇದೆ, ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲು ಹಾಕಿಸಬೇಕು, ಗರ್ಭಿಣಿಗೆ ಹಾಕುವಂತಿಲ್ಲ. ಸೈಟೊಮೆಗಾಲೋವೈರಸ್‌ಗೆ ಲಸಿಕೆ ಇಲ್ಲ. ಅದು ಹೆಚ್ಚಾಗಿ ಹರಡುವುದು ಪುಟ್ಟ ಮಕ್ಕಳ ಜೊಲ್ಲು, ಮೂತ್ರದಿಂದ. ಮೊದಲ ಮಗುವಿನ ಎಂಜಲು ತಿನ್ನದಿರುವುದು, ಡಯಾಪರ್ ಬದಲಿಸಿ ಕೈ ತೊಳೆಯುವುದು ಗರ್ಭಿಣಿಗೆ ದೊಡ್ಡ ರಕ್ಷಣೆ. ಶಿಶುವಿನಲ್ಲಿ ಅನುಮಾನ ಬಂದರೆ ಮೂತ್ರ ಅಥವಾ ಜೊಲ್ಲಿನ ಪರೀಕ್ಷೆ 21 ದಿನದೊಳಗೆ ಆಗಬೇಕು. ತಡವಾದರೆ ಸೋಂಕು ಗರ್ಭದಲ್ಲೇ ಬಂದದ್ದೋ ಆಮೇಲೆ ತಗುಲಿದ್ದೋ ಹೇಳುವುದು ಕಷ್ಟ.

ಹುಟ್ಟಿದ ಮೇಲೆ ಮಿದುಳುಪೊರೆಯ ಉರಿಯೂತ, ಮಿದುಳುಜ್ವರ, ತಲೆಗೆ ಪೆಟ್ಟು, ನೀರಿನಲ್ಲಿ ಮುಳುಗುವುದು, ಸೀಸದ ವಿಷ ಕಾರಣವಾಗಬಹುದು. ಅಳುವ ಶಿಶುವನ್ನು ಜೋರಾಗಿ ಅಲುಗಾಡಿಸಿದರೂ ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ಹಳೆಯ ಬಣ್ಣದ ಹೊಪ್ಪಳೆ, ಬ್ಯಾಟರಿ ಒಡೆಯುವ ಜಾಗದ ಮಣ್ಣು ಸೀಸದ ಮುಖ್ಯ ಮೂಲಗಳು, ಮತ್ತು ಸುರಕ್ಷಿತ ಮಟ್ಟ ಎಂಬುದು ಮಕ್ಕಳಿಗೆ ಇಲ್ಲ.

ಸೌಮ್ಯ ಹಂತದವರಲ್ಲಿ ಅನೇಕರಿಗೆ ಎಷ್ಟು ಹುಡುಕಿದರೂ ಒಂದೇ ಕಾರಣ ಸಿಗುವುದಿಲ್ಲ. ಸಣ್ಣ ಪರಿಣಾಮದ ಹಲವು ವಂಶವಾಹಿಗಳು, ಅಪೌಷ್ಟಿಕತೆ, ಮಾತಾಡಿಸುವವರಿಲ್ಲದ ಬಾಲ್ಯ ಇವೆಲ್ಲ ಸೇರಿರುತ್ತವೆ. ಅಲ್ಲಿ ಪರೀಕ್ಷೆಯ ಬೆನ್ನು ಹತ್ತುವುದಕ್ಕಿಂತ ಕಲಿಕೆಗೆ ದುಡ್ಡು ಸುರಿಯುವುದು ಮೇಲು.

ವೈದ್ಯರನ್ನು ಯಾವಾಗ ಕಾಣಬೇಕು? ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, 9 ತಿಂಗಳಾದರೂ ಆಸರೆ ಇಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ ಅಥವಾ ಒಂದೂ ಪದ ಆಡದಿದ್ದರೆ, 2 ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ. ಬಂದಿದ್ದ ಕೌಶಲ ಯಾವ ವಯಸ್ಸಿನಲ್ಲಿ ಕಳೆದುಹೋದರೂ ತಕ್ಷಣ ಹೋಗಿ. ಹೋಗುವಾಗ ಹೆರಿಗೆಯ ದಾಖಲೆ, ತಲೆಸುತ್ತಳತೆ ಬರೆದ ಕಾರ್ಡು, ಮೂರು ತಲೆಮಾರಿನ ಕುಟುಂಬದ ನಕ್ಷೆ, ಹಳೆಯ ವಿಡಿಯೋಗಳನ್ನು ಒಯ್ಯಿರಿ.

ಇದೇ ಎಚ್ಚರ ದೊಡ್ಡವರ ವಿಷಯದಲ್ಲೂ ಇರಲಿ. ಡೌನ್ ಸಿಂಡ್ರೋಮ್ ಇರುವ ನಲವತ್ತರ ಆಸುಪಾಸಿನ ವ್ಯಕ್ತಿ ಮಾತು ಕಡಿಮೆ ಮಾಡಿ, ಗೊತ್ತಿದ್ದ ಕೆಲಸ ಮರೆಯತೊಡಗಿದರೆ ಅಲ್‌ಝೈಮರ್ ಇರಬಹುದು, ಅವರಲ್ಲಿ ಅದು ಬೇಗ ಬರುತ್ತದೆ. ಆದರೆ ಹಾಗೆಂದು ಬರೆಯುವ ಮೊದಲು ಥೈರಾಯ್ಡ್, ಕಿವಿ, ಕಣ್ಣಿನ ಪೊರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ ಈ ಐದನ್ನೂ ನೋಡಿ. ಈ ಐದಕ್ಕೂ ಚಿಕಿತ್ಸೆ ಇದೆ.